ಉಸಿರು ಹಿಡಿಯಬೇಡಿ: ನಾನು ಸ್ಕೂಬಾ ಡೈವಿಂಗ್ ಕಲಿತದ್ದು

ನೀರಿನೊಳಗೆ ಉಸಿರಾಡಬಹುದು ಎಂದು ತಲೆಗೆ ಒಪ್ಪಿಸುವುದು ಸುಲಭ. ಮೈಗೆ ಒಪ್ಪಿಸುವುದು ಕಷ್ಟ. ಬೆನ್ನಿಗೆ ಸಿಲಿಂಡರ್ ಕಟ್ಟಿರುತ್ತದೆ, ಬಾಯಲ್ಲಿ ಅದರಿಂದ ಗಾಳಿ ತಂದುಕೊಡುವ ರೆಗ್ಯುಲೇಟರ್ ಇರುತ್ತದೆ, ಗಾಳಿ ಬರುತ್ತಲೇ ಇರುತ್ತದೆ. ಆದರೂ ಮುಖ ನೀರಿಗಿಳಿದ ಕೂಡಲೇ ಎದೆ ಬಿಗಿಯುತ್ತದೆ, ಉಸಿರು ತಾನಾಗಿಯೇ ಕಟ್ಟುತ್ತದೆ. ಡೈವಿಂಗ್‌ನ ಎಲ್ಲಕ್ಕಿಂತ ದೊಡ್ಡ ನಿಯಮ ಇದಕ್ಕೆ ಪೂರ್ತಿ ಉಲ್ಟಾ. ನೀರಿನೊಳಗೆ ಎಂದಿಗೂ ಉಸಿರು ಹಿಡಿಯಬಾರದು. ನಮಗೆ ಕಲಿಸಿದ ಮೇಡಂ ಬಾಯಿಂದ ಬಂದ ಮೊದಲ ಪಾಠವೇ ಅದು. "ಎಳೆದುಕೊಳ್ಳಿ, ಬಿಡಿ. ನಿಧಾನಕ್ಕೆ. ಉಳಿದದ್ದೆಲ್ಲ ಆಮೇಲೆ."

ಡೈವಿಂಗ್‌ನ ಇಡೀ ಸುಖ ಆ ಮಾತಿನೊಳಗೇ ಇದೆ ಎಂದು ನನಗೆ ಈಗ ಅನಿಸುತ್ತದೆ. ಮೀನು, ಹವಳ, ಆಮೆ ಎಲ್ಲವೂ ಚೆಂದವೇ. ಆದರೆ ಅವು ಸರಿಯಾಗಿ ಕಾಣಿಸುವುದು ನಿಧಾನವಾಗಿ ಉಸಿರಾಡಲು ಬಂದ ಮೇಲೆ. ಅಲ್ಲಿಯವರೆಗೆ ನಾವು ನೋಡುವುದು ನಮ್ಮ ಗಾಬರಿಯನ್ನೇ.

ನಾನು ಕಲಿಯಲು ಹೋಗಿದ್ದಕ್ಕೆ ಕಾರಣ ಸ್ನಾರ್ಕೆಲ್, ಅಂದರೆ ಬಾಯಲ್ಲಿ ಕಚ್ಚಿಕೊಂಡು ನೀರಿನ ಮೇಲಿನ ಗಾಳಿ ಎಳೆಯುವ ಕೊಳವೆ. ನೀರಿನ ಮೇಲೆ ತೇಲುತ್ತಾ ಕೆಳಗಿನ ಹವಳ ನೋಡುವುದು ನನಗೆ ಮೊದಲೇ ಇಷ್ಟವಿತ್ತು. ಮುಳುಗಿ ಹತ್ತಿರ ಹೋದರೆ ಇನ್ನೇನು ಮೀನಿನ ಕಣ್ಣು ಕಾಣಬೇಕು, ಅಷ್ಟರಲ್ಲಿ ಉಸಿರು ಮುಗಿದು ಮೇಲೆ ಬರಬೇಕು. ಆ ಅವಸರ ನನಗೆ ಸಾಕಾಗಿತ್ತು. ಕೆಳಗೆ ಸ್ವಲ್ಪ ಹೊತ್ತು ಸುಮ್ನೆ ಇರಬೇಕು ಅನ್ನುವುದಷ್ಟೇ ನನ್ನ ಆಸೆ.

ಕೋರ್ಸ್ ಶುರುವಾಗುವುದು ಪುಸ್ತಕದಿಂದ. ತುಂಬಾ ಜನ ಈ ಭಾಗವನ್ನು ಬೇಗ ಮುಗಿಸಿ ನೀರಿಗೆ ಹಾರಲು ಕಾಯುತ್ತಾರೆ. ನನಗೆ ಮಾತ್ರ ಅದು ಬಹಳ ಹಿಡಿಸಿತು. ಯಾಕೆಂದರೆ ಭಯ ಕಡಿಮೆಯಾಗಿದ್ದು ಅಲ್ಲೇ. ಸಮುದ್ರದಲ್ಲಿ 10 ಮೀಟರ್ ಇಳಿದರೆ ಒತ್ತಡ ನೆಲದ ಮೇಲಿನದಕ್ಕಿಂತ ಎರಡು ಪಟ್ಟಾಗುತ್ತದೆ. 20 ಮೀಟರ್‌ಗೆ ಮೂರು ಪಟ್ಟು, 30ಕ್ಕೆ ನಾಲ್ಕು ಪಟ್ಟು. ಒತ್ತಡ ಎರಡು ಪಟ್ಟಾದರೆ ಗಾಳಿಯ ಗಾತ್ರ ಅರ್ಧವಾಗುತ್ತದೆ. ಈ ಒಂದು ಲೆಕ್ಕ ಗೊತ್ತಾದರೆ ಡೈವಿಂಗ್‌ನ ಹೆಚ್ಚಿನ ನಿಯಮಗಳಿಗೆ ಅರ್ಥ ಸಿಗುತ್ತದೆ. ಉಸಿರು ಹಿಡಿಯಬಾರದು ಅನ್ನುವುದಕ್ಕೂ ಇದೇ ಕಾರಣ. 10 ಮೀಟರ್ ಆಳದಲ್ಲಿ ಎದೆ ತುಂಬ ಗಾಳಿ ಎಳೆದುಕೊಂಡು, ಅದನ್ನು ಹಿಡಿದುಕೊಂಡೇ ಮೇಲೆ ಬಂದರೆ, ಆ ಗಾಳಿ ಎರಡು ಪಟ್ಟು ಹಿಗ್ಗುತ್ತದೆ. ಶ್ವಾಸಕೋಶ ಅಷ್ಟು ಹಿಗ್ಗಲಾರದು. ಈಜುಕೊಳದ ಆಳದಲ್ಲೂ ಇದರಿಂದ ಹಾನಿಯಾಗಬಹುದು. ಉಸಿರಾಡುತ್ತಲೇ ಇದ್ದರೆ ಹೆಚ್ಚಿನ ಗಾಳಿ ತಾನಾಗಿ ಹೊರಗೆ ಹೋಗುತ್ತದೆ.

ಸಿಲಿಂಡರ್‌ನಲ್ಲಿರುವುದು ಆಮ್ಲಜನಕ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಅದು ನಾವು ದಿನಾ ಉಸಿರಾಡುವ ಗಾಳಿಯೇ, ಸೋಸಿ ಒತ್ತಿ ತುಂಬಿದ್ದು. ಬರೀ ಆಮ್ಲಜನಕವನ್ನು ಸುಮಾರು 6 ಮೀಟರ್‌ಗಿಂತ ಕೆಳಗೆ ಉಸಿರಾಡುವುದು ಅಪಾಯ, ಫಿಟ್ಸ್ ಬರಬಹುದು. 12 ಲೀಟರ್‌ನ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡದಲ್ಲಿ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನೆಲದ ಮೇಲಿನ ಗಾಳಿಯ ಒತ್ತಡ) ಹೆಚ್ಚುಕಡಿಮೆ 2400 ಲೀಟರ್ ಗಾಳಿ ಹಿಡಿಯುತ್ತದೆ. ಅಷ್ಟು ಗಾಳಿಯ ತೂಕವೇ ಮೂರು ಕೆ.ಜಿ. ಹತ್ತಿರ ಬರುತ್ತದೆ. ಗಾಳಿಗೆ ಇಷ್ಟು ತೂಕವೇ ಎಂದು ನನಗೆ ಆಶ್ಚರ್ಯವಾಗಿತ್ತು. ಡೈವ್ ಮುಗಿಯುವ ಹೊತ್ತಿಗೆ ಅದರಲ್ಲಿ ಹೆಚ್ಚಿನದು ಖಾಲಿಯಾಗಿ ನಾವು ಹಗುರಾಗಿರುತ್ತೇವೆ. ಆದ್ದರಿಂದ ಮುಳುಗಲು ಸೊಂಟಕ್ಕೆ ಸೀಸದ ತೂಕ ಎಷ್ಟು ಕಟ್ಟಿಕೊಳ್ಳಬೇಕು ಎಂದು ಲೆಕ್ಕ ಹಾಕುವಾಗ ಇದನ್ನೂ ಸೇರಿಸಬೇಕು.

ರೆಗ್ಯುಲೇಟರ್ ಬಗ್ಗೆ ನನಗೆ ನಿಜವಾದ ಗೌರವವಿದೆ. ನಾವು ಎಳೆದಾಗ ಮಾತ್ರ ಅದು ಗಾಳಿ ಕೊಡುತ್ತದೆ. ಅದೂ ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ. ಹಾಗಾಗಿಯೇ ಆಳದಲ್ಲೂ ಉಸಿರಾಟ ಹಗುರವಾಗಿರುತ್ತದೆ. 1943ರಲ್ಲಿ ಫ್ರಾನ್ಸ್‌ನಲ್ಲಿ ನೌಕಾಪಡೆಯ ಅಧಿಕಾರಿ ಜಾಕ್ ಕೂಸ್ಟೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಸೇರಿ ಆಕ್ವಾ-ಲಂಗ್ ಎಂಬ ಉಸಿರಾಟದ ಸಾಧನ ರೂಪಿಸಿದರು. ಇವತ್ತು ನಾವು ಕಚ್ಚಿಕೊಳ್ಳುವ ರೆಗ್ಯುಲೇಟರ್‌ನ ಮೂಲ ಅದೇ. ಅದಕ್ಕಿಂತ ಮುಂಚೆ ಹೆಚ್ಚಿನ ಮುಳುಗುಗಾರರು ಭಾರದ ಹೆಲ್ಮೆಟ್ ಹಾಕಿಕೊಂಡು, ದೋಣಿಯಿಂದ ಬರುವ ಗಾಳಿಯ ಪೈಪಿಗೆ ಕಟ್ಟುಬಿದ್ದು ಸಮುದ್ರದ ತಳದಲ್ಲಿ ನಡೆಯುತ್ತಿದ್ದರು. ನೀರಿನಲ್ಲಿ ಬೇಕಾದ ಕಡೆ ತಿರುಗುವ ಸ್ವಾತಂತ್ರ್ಯ ನಮಗೆ ಸಿಕ್ಕು ನೂರು ವರ್ಷವೂ ಆಗಿಲ್ಲ.

ಆಮೇಲೆ ಈಜುಕೊಳ. 200 ಮೀಟರ್ ಈಜಿ ತೋರಿಸಬೇಕು, 10 ನಿಮಿಷ ತೇಲಬೇಕು. ವೇಗ ಯಾರೂ ನೋಡುವುದಿಲ್ಲ. ಅದಾದ ಮೇಲೆ ತಳದಲ್ಲಿ ಮಂಡಿಯೂರಿ ಒಂದೊಂದೇ ಅಭ್ಯಾಸ. ಬಾಯಿಂದ ರೆಗ್ಯುಲೇಟರ್ ತೆಗೆದು, ಸಣ್ಣಗೆ ಗುಳ್ಳೆ ಬಿಡುತ್ತಾ, ಕೈ ಹಿಂದಕ್ಕೆ ಬೀಸಿ ಅದನ್ನು ಮತ್ತೆ ಹುಡುಕಿ ಹಾಕಿಕೊಳ್ಳುವುದು. ಗಾಳಿ ಮುಗಿದಿದೆ ಎಂದು ಕತ್ತಿನ ಬಳಿ ಕೈ ಅಡ್ಡ ಆಡಿಸಿ ತೋರಿಸಿ, ಜೊತೆಗಾರನ ಎರಡನೇ ರೆಗ್ಯುಲೇಟರ್ ತೆಗೆದುಕೊಂಡು ಒಟ್ಟಿಗೆ ಮೇಲೆ ಬರುವುದು. ಇವೆಲ್ಲ ಬೇಗ ಕೈಗೆ ಬಂದವು.

ಹೊತ್ತು ತೆಗೆದುಕೊಂಡಿದ್ದು ಮಾಸ್ಕ್ ಅಭ್ಯಾಸ. ಕಣ್ಣು, ಮೂಗು ಮುಚ್ಚುವ ಗಾಜಿನ ಮಾಸ್ಕ್‌ನೊಳಗೆ ಬೇಕೆಂದೇ ನೀರು ಬಿಟ್ಟುಕೊಂಡು, ಅದನ್ನು ಮೂಗಿನ ಗಾಳಿಯಿಂದ ಹೊರಗೆ ತಳ್ಳಬೇಕು. ಮೂಗಿಗೆ ನೀರು ತಾಗಿದ ಕೂಡಲೇ ಬಾಯಿಯೂ ಉಸಿರಾಡಲು ಹೆದರುತ್ತದೆ. ಮೇಡಂ ನನ್ನ ಎದುರು ಮಂಡಿಯೂರಿ ಕುಳಿತು, ನನ್ನ ತೋಳು ಹಿಡಿದು, ತಮ್ಮ ಇನ್ನೊಂದು ಕೈಯನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸುತ್ತಿದ್ದರು. ಆ ಕೈಯ ಲಯಕ್ಕೆ ನಾನು ಬಾಯಲ್ಲಿ ಉಸಿರಾಡಬೇಕು, ಮೂಗಿನ ಹತ್ತಿರ ನೀರು ಇದ್ದರೆ ಇರಲಿ. ಯಾವಾಗಲೋ ಒಮ್ಮೆ ಮೈ ಒಪ್ಪಿಕೊಂಡುಬಿಟ್ಟಿತು. ಬಾಯಿ ತನ್ನ ಪಾಡಿಗೆ, ಮೂಗು ತನ್ನ ಪಾಡಿಗೆ. ಆಮೇಲೆ ತಲೆ ಸ್ವಲ್ಪ ಎತ್ತಿ, ಮಾಸ್ಕ್‌ನ ಮೇಲಂಚು ಒತ್ತಿ, ಮೂಗಿನಿಂದ ಉದ್ದಕ್ಕೆ ಗಾಳಿ ಬಿಟ್ಟೆ. ನೀರು ಇಳಿದು ಮೇಡಂ ಮುಖ ಸ್ಪಷ್ಟವಾಗಿ ಕಂಡಿತು. ನೀರಿನೊಳಗೆ ಏನೇ ಆದರೂ ಮೊದಲು ಉಸಿರಾಡುತ್ತಾ ಇರಬಹುದು, ಆಮೇಲೆ ಸರಿಮಾಡಬಹುದು ಎಂಬ ಧೈರ್ಯ ನನಗೆ ಬಂದಿದ್ದು ಅವತ್ತು.

ಸಮುದ್ರದಲ್ಲಿ ಮೊದಲು ಮಾತಾಡಿಸುವುದು ಕಿವಿ. ದೋಣಿಯ ಅಂಚಿನಿಂದ ಹಿಂದಕ್ಕೆ ಉರುಳಿ ನೀರಿಗೆ ಬಿದ್ದು, ಹಗ್ಗ ಹಿಡಿದು ಇಳಿಯತೊಡಗಿದರೆ ಕಿವಿಯಲ್ಲಿ ಒತ್ತು ಶುರು. ಮೂಗು ಹಿಡಿದು ಮೆಲ್ಲಗೆ ಊದಿದರೆ ಕಿವಿಯೊಳಗೆ ಟಕ್ ಎಂದು ಸರಿಹೋಗುತ್ತದೆ. ನೋವು ಬರುವ ಮುಂಚೆಯೇ ಇದನ್ನು ಮಾಡಬೇಕು, ಮತ್ತೆ ಮತ್ತೆ ಮಾಡಬೇಕು. ವಿಚಿತ್ರ ಅಂದರೆ, ಮೊದಲ ಕೆಲವು ಮೀಟರ್‌ಗಳಲ್ಲೇ ಕಿವಿಗೆ ಕೆಲಸ ಜಾಸ್ತಿ. ಒತ್ತಡ ಎರಡು ಪಟ್ಟಾಗುವುದು ಮೊದಲ 10 ಮೀಟರ್‌ನಲ್ಲಿ. ಅದು ಮತ್ತೆ ಎರಡು ಪಟ್ಟಾಗಲು 30 ಮೀಟರ್ ತಲುಪಬೇಕು. ನನ್ನ ಎಡಗಿವಿ ಬಲಗಿವಿಗಿಂತ ನಿಧಾನ. ಒಂದು ಅಡಿ ಮೇಲೆ ಬಂದು, ಕತ್ತು ಸ್ವಲ್ಪ ಓರೆ ಮಾಡಿ, ಮತ್ತೆ ಊದಿದರೆ ತೆರೆಯುತ್ತದೆ. ಜೊತೆಗಾರರು ಕಾಯುತ್ತಾರೆ. ಕಾಯಲೇಬೇಕು, ಅದು ನಿಯಮ. ಯಾರನ್ನೂ ಅವಸರ ಮಾಡದ ಈ ನಿಯಮ ನನಗೆ ತುಂಬಾ ಇಷ್ಟ.

ಇಳಿಯುತ್ತಾ ಬಣ್ಣ ಬದಲಾಗುತ್ತದೆ. ನೀರು ಮೊದಲು ನುಂಗುವುದು ಕೆಂಪನ್ನು. ಕೆಲವೇ ಮೀಟರ್ ಕೆಳಗೆ ಕೆಂಪು ಮಂಕಾಗಿ ಕಂದಾಗುತ್ತದೆ, ಆಮೇಲೆ ಬೂದಾಗುತ್ತದೆ. ಕಿತ್ತಳೆ, ಹಳದಿ ಅದರ ಹಿಂದೆಯೇ ಹೋಗುತ್ತವೆ. ಉಳಿಯುವುದು ನೀಲಿ. ಸುತ್ತ ಎಲ್ಲ ನೀಲಿ ಬೂದು ಆಗಿರುವಾಗ ಮೇಡಂ ಒಂದು ಮಂಕು ಸ್ಪಂಜಿನ ಮೇಲೆ ಟಾರ್ಚ್ ಹಿಡಿದರು. ಅದು ದಾಸವಾಳದ ಕೆಂಪು! ಟಾರ್ಚ್ ತೆಗೆದರೆ ಮತ್ತೆ ಬೂದು. ಆ ಬಣ್ಣ ಇಷ್ಟು ಹೊತ್ತೂ ಅಲ್ಲೇ ಇತ್ತು, ಅದನ್ನು ತೋರಿಸುವ ಬೆಳಕು ಮಾತ್ರ ಇರಲಿಲ್ಲ. ಮಾಸ್ಕ್‌ನ ಗಾಜಿನ ಹಿಂದಿನ ಗಾಳಿಯಿಂದಾಗಿ ಎಲ್ಲವೂ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ, ಹತ್ತಿರವೂ ಇದ್ದಂತೆ ಕಾಣುತ್ತದೆ. ಹೊಸಬರು ಏನನ್ನಾದರೂ ಹಿಡಿಯಲು ಹೋದರೆ ಕೈ ಮುಂಚೆಯೇ ನಿಲ್ಲುತ್ತದೆ. ಶಬ್ದವೂ ಬೇರೆ. ನೀರಿನಲ್ಲಿ ಅದು ಗಾಳಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ವೇಗವಾಗಿ ಓಡುತ್ತದೆ, ಸೆಕೆಂಡಿಗೆ ಸುಮಾರು 1500 ಮೀಟರ್. ಎರಡೂ ಕಿವಿಗೆ ಒಟ್ಟಿಗೇ ಬಂದಂತೆ ಅನಿಸುವುದರಿಂದ ದೋಣಿ ಯಾವ ಕಡೆ ಇದೆ ಎಂದು ಹೇಳಲಾಗುವುದಿಲ್ಲ. ಸಮುದ್ರ ಮೌನವಾಗಿರುತ್ತದೆ ಅನ್ನುವವರು ಹವಳದ ಹತ್ತಿರ ಹೋಗಿ ಕೇಳಬೇಕು. ಸಣ್ಣ ಸಿಗಡಿಗಳು ಕೊಂಡಿ ಚಿಟುಕಿಸುವ ಚಟಪಟ ಶಬ್ದ ಒಂದು ಕ್ಷಣವೂ ನಿಲ್ಲುವುದಿಲ್ಲ.

ಇನ್ನು ತೇಲುವುದು. ನನ್ನ ಪಾಲಿಗೆ ಇಡೀ ಡೈವಿಂಗ್‌ನ ತಿರುಳು ಇದೇ. ಮೇಲಕ್ಕೂ ಹೋಗದೆ, ಕೆಳಕ್ಕೂ ಇಳಿಯದೆ, ನೀರಿನ ನಡುವೆ ಅಲುಗಾಡದೆ ನಿಲ್ಲುವುದು. ಮೈಗೆ ಹಾಕಿದ, ಬಿಸಿಡಿ (BCD) ಎಂಬ ಜಾಕೆಟ್‌ಗೆ ಗಾಳಿ ತುಂಬಿ ಅಥವಾ ಬಿಟ್ಟು ಹೆಚ್ಚುಕಡಿಮೆ ಸರಿಹೊಂದಿಸಬಹುದು. ಚಳಿ ತಡೆಯಲು ಹಾಕುವ ವೆಟ್‌ಸೂಟ್‌ನ ನಿಯೋಪ್ರೀನ್ ರಬ್ಬರಿನಲ್ಲಿರುವ ಸಣ್ಣ ಗುಳ್ಳೆಗಳು ಆಳಕ್ಕೆ ಹೋದಂತೆ ಹಿಂಡಿಹೋಗುತ್ತವೆ. ಅದರಿಂದ ತೇಲುವ ಗುಣ ಕಡಿಮೆಯಾಗಿ, ಜಾಕೆಟ್‌ಗೆ ಇನ್ನಷ್ಟು ಗಾಳಿ ಬೇಕಾಗುತ್ತದೆ. ಆದರೆ ಕೊನೆಯ ನಾಜೂಕು ಕೆಲಸ ಶ್ವಾಸಕೋಶದ್ದು. ಉಸಿರು ಎಳೆದುಕೊಂಡರೆ ಮೆಲ್ಲಗೆ ಏರುತ್ತೀರಿ, ಬಿಟ್ಟರೆ ಇಳಿಯುತ್ತೀರಿ. ಎಳೆದ ತಕ್ಷಣ ಅಲ್ಲ, ಒಂದೆರಡು ಸೆಕೆಂಡ್ ಆದ ಮೇಲೆ. ಆ ತಡಕ್ಕೆ ಒಗ್ಗಿಕೊಳ್ಳುವುದೇ ಕಲಿಕೆ. ಏರುತ್ತಿದ್ದೇನೆ ಎಂದು ಗೊತ್ತಾದಾಗ ಉಸಿರು ಬಿಟ್ಟರೆ ತಡವಾಯಿತು. ಏರುವ ಮುಂಚೆಯೇ ಬಿಡಬೇಕು.

ಅದು ಕೈಗೂಡಿದ ದಿನ ನನಗೆ ಚೆನ್ನಾಗಿ ನೆನಪಿದೆ. ಹವಳದ ಅಂಚಿನ ಮುಂದೆ, ಮರಳಿಗಿಂತ ಒಂದು ಮೊಳ ಮೇಲೆ, ಕೈಕಟ್ಟಿಕೊಂಡು ನಿಂತೆ. ಕಾಲು ಆಡಿಸಲಿಲ್ಲ. ಎದೆ ತುಂಬಿದಾಗ ನಾಲ್ಕು ಬೆರಳು ಮೇಲೆ, ಖಾಲಿಯಾದಾಗ ನಾಲ್ಕು ಬೆರಳು ಕೆಳಗೆ. ಮೈಗೆ ತೂಕವೇ ಇಲ್ಲ. ಕಾಲಿಗೆ ನೆಲ ಬೇಡ, ಬೆನ್ನಿಗೆ ಆಸರೆ ಬೇಡ. ಹುಟ್ಟಿದಾಗಿನಿಂದ ಹೊತ್ತುಕೊಂಡು ಬಂದ ಮೈಯನ್ನು ಒಮ್ಮೆ ಕೆಳಗಿಟ್ಟ ಹಾಗೆ. ಈ ಸುಖ ಬೇರೆ ಎಲ್ಲೂ ನನಗೆ ಸಿಕ್ಕಿಲ್ಲ.

ಹಾಗೆ ನಿಲ್ಲಲು ಬಂದ ಮೇಲೆ ಸಮುದ್ರ ತನ್ನ ಕೆಲಸಕ್ಕೆ ಮರಳುತ್ತದೆ. ಜೋರಾಗಿ ಕಾಲು ಬಡಿಯುತ್ತಾ ಹೋದಾಗ ಓಡಿಹೋಗಿದ್ದ ಮೀನುಗಳು ಒಂದೊಂದಾಗಿ ಬರುತ್ತವೆ. ಮರಳಿನಿಂದ ಅರ್ಧ ಮೈ ಹೊರಹಾಕಿ ತೂಗಾಡುವ ಗಾರ್ಡನ್ ಈಲ್‌ಗಳು ನಾವು ಹತ್ತಿರ ಹೋದರೆ ಬಿಲಕ್ಕೆ ಜಾರುತ್ತವೆ. ದೂರದಲ್ಲಿ ಸುಮ್ಮನಿದ್ದರೆ ಮೆಲ್ಲಗೆ ಎದ್ದು ನಿಲ್ಲುತ್ತವೆ. ಹವಳದ ಒಂದು ಗುಂಡಿನ ಬಳಿ ಬೆರಳುದ್ದದ ಕ್ಲೀನರ್ ರಾಸ್ ಮೀನುಗಳು ಇರುತ್ತವೆ, ನೀಲಿ ಮೈಗೆ ಕಪ್ಪು ಪಟ್ಟೆ. ದೊಡ್ಡ ದೊಡ್ಡ ಮೀನುಗಳು ಅಲ್ಲಿಗೆ ಬಂದು, ತಮ್ಮ ಸರದಿಗೆ ಕಾದು, ಬಾಯಿ ತೆರೆದು ನಿಲ್ಲುತ್ತವೆ. ಚಿಕ್ಕವು ಬಾಯೊಳಗೆ, ಕಿವಿರಿನೊಳಗೆ ಹೊಕ್ಕು ಪರೋಪಜೀವಿಗಳನ್ನು ಆರಿಸಿ ತಿನ್ನುತ್ತವೆ. ಒಂದು ಗ್ರೂಪರ್ ಮೀನು ಬೇಕಾದರೆ ಅವನ್ನು ಒಂದೇ ಸಲಕ್ಕೆ ನುಂಗಬಹುದು. ನುಂಗದೆ ಕಾಯುತ್ತದೆ. ಅದನ್ನು ಕಣ್ಣಾರೆ ನೋಡುತ್ತಾ ನಾನು ನನ್ನ ಗಾಳಿಯ ಮೀಟರನ್ನೂ ನೋಡುತ್ತಿದ್ದೆ. ಇನ್ನೂ ಸ್ವಲ್ಪ ಇರಲಿ ಎಂದು ಉಸಿರನ್ನು ಇನ್ನೂ ಉದ್ದ ಮಾಡಿಕೊಳ್ಳುತ್ತಿದ್ದೆ.

ಆದರೆ ನನಗೆ ಎಲ್ಲಕ್ಕಿಂತ ಪ್ರಿಯವಾದ ಜೋಡಿ ಮರಳಿನ ಮೇಲೆ ಇರುತ್ತದೆ. ಹೆಚ್ಚಿನ ಡೈವರ್‌ಗಳು ಅದನ್ನು ದಾಟಿ ಹೋಗುತ್ತಾರೆ. ಒಂದು ಚಿಕ್ಕ ಗೋಬಿ ಮೀನು, ಒಂದು ಸಿಗಡಿ. ಎರಡಕ್ಕೂ ಒಂದೇ ಬಿಲ. ಸಿಗಡಿಗೆ ಕಣ್ಣು ಮಂದ, ಆದರೆ ಅಗೆಯುವುದರಲ್ಲಿ ಗಟ್ಟಿಗ. ಮರಳು, ಕಲ್ಲು ಹೊತ್ತು ತಂದು ಹೊರಗೆ ಹಾಕುತ್ತಲೇ ಇರುತ್ತದೆ. ಗೋಬಿ ಬಾಗಿಲಲ್ಲಿ ಕಾವಲು. ಸಿಗಡಿ ಹೊರಗೆ ಬಂದಾಗ ತನ್ನ ಮೀಸೆಯನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಇರುತ್ತದೆ. ಅಪಾಯ ಕಂಡರೆ ಗೋಬಿ ಬಾಲ ಅದುರಿಸುತ್ತದೆ, ಸಿಗಡಿ ಒಳಗೆ ಓಡುತ್ತದೆ. ಅಪಾಯ ತೀರಾ ಹತ್ತಿರವಾದರೆ ಗೋಬಿಯೂ ಅದರ ಹಿಂದೆಯೇ. ಇದನ್ನು ನೋಡಲು ಒಳ್ಳೆಯ ಕಣ್ಣಿಗಿಂತ ಶಾಂತ ಉಸಿರು ಬೇಕು. ಗುಳ್ಳೆಗಳ ಶಬ್ದಕ್ಕೇ ಅವು ಎಚ್ಚರವಾಗುತ್ತವೆ. ಹೊಟ್ಟೆ ಮರಳಿಗೆ ತಾಗದಂತೆ, ದೂರದಿಂದ, ಸಣ್ಣಗೆ ಗುಳ್ಳೆ ಬಿಡುತ್ತಾ ಕಾದರೆ ಮೊದಲು ಗೋಬಿಯ ತಲೆ ಕಾಣುತ್ತದೆ. ಆಮೇಲೆ ಬುಲ್ಡೋಜರ್‌ನಂತೆ ಮರಳು ತಳ್ಳಿಕೊಂಡು ಸಿಗಡಿ ಬರುತ್ತದೆ.

ಕೆಳಗೆ ಹೋದಷ್ಟೂ ಎಲ್ಲರ ಉಸಿರಿನ ಮೇಲೂ ಗಮನ ಹೋಗತೊಡಗುತ್ತದೆ. ಬಂಡೆಯ ಸಂದಿಯಿಂದ ಮೊರೆ ಈಲ್ ಬಾಯಿ ತೆರೆದು ಮುಚ್ಚುವುದನ್ನು ನೋಡಿ ಜನ ಹೆದರುತ್ತಾರೆ. ಅದು ಸಿಟ್ಟಲ್ಲ. ಕಿವಿರಿಗೆ ನೀರು ತಳ್ಳಿಕೊಂಡು ಅದು ಉಸಿರಾಡುವುದೇ ಹಾಗೆ. ಕಡಲಾಮೆಗೆ ನಮ್ಮ ಹಾಗೆಯೇ ಗಾಳಿ ಬೇಕು. ಹವಳದ ಮೇಲೆ ಮಲಗಿದ್ದ ಆಮೆಯೊಂದು ನಿಧಾನವಾಗಿ ಎದ್ದು, ನಮ್ಮ ಪಕ್ಕದಲ್ಲೇ ಮೇಲಕ್ಕೆ ಈಜಿ, ತಲೆ ಹೊರಹಾಕಿ ಉಸಿರು ತೆಗೆದುಕೊಂಡು ಮತ್ತೆ ಇಳಿದು ಬಂದಿದ್ದನ್ನು ನೋಡಿದ್ದೇನೆ. ಅದಕ್ಕೆ ಯಾವ ಸಿಲಿಂಡರೂ ಬೇಡ.

ಕೆಳಗೆ ಮಾತಿಲ್ಲ. ಇದೂ ಒಂದು ಸುಖ. ಹೆಬ್ಬೆರಳು ಮೇಲೆತ್ತಿದರೆ ಚೆನ್ನಾಗಿದೆ ಎಂದಲ್ಲ, ಮೇಲೆ ಹೋಗೋಣ ಎಂದು. ಹೆಬ್ಬೆರಳು ತೋರುಬೆರಳು ಸೇರಿಸಿ ಸುತ್ತು ಮಾಡಿದರೆ ಎಲ್ಲ ಸರಿ. ಕೈ ಚಪ್ಪಟೆ ಹಿಡಿದು ಆಚೀಚೆ ಓಲಾಡಿಸಿದರೆ ಏನೋ ತೊಂದರೆ. ಇಷ್ಟರಲ್ಲೇ ಎಲ್ಲ ನಡೆಯುತ್ತದೆ. ಯಾರೂ ಒಬ್ಬರೇ ಇಳಿಯುವುದಿಲ್ಲ. ಇಳಿಯುವ ಮುಂಚೆ ಒಬ್ಬರ ಬೆಲ್ಟು, ವಾಲ್ವು, ಗಾಳಿ ಇನ್ನೊಬ್ಬರು ಪರೀಕ್ಷಿಸುತ್ತಾರೆ. ನನ್ನ ಜೊತೆಗಾರರು ನನಗಿಂತ ಬಹಳ ಹಿರಿಯರು. ದೋಣಿಯಲ್ಲಿ ನಾನು ಅವರನ್ನು ಸಾರ್ ಎಂದೇ ಕರೆಯುವುದು. ನೀರಿನೊಳಗೆ ಅವರು ಆಗಾಗ ತಿರುಗಿ ನನ್ನ ಕಡೆ ನೋಡುತ್ತಾರೆ, ನಾನು ಅವರ ಕಡೆ ನೋಡುತ್ತೇನೆ. ಅಷ್ಟು ಗಮನ ನಾವು ನೆಲದ ಮೇಲೆ ಯಾರಿಗಾದರೂ ಕೊಡುತ್ತೇವಾ?

ರಾತ್ರಿ ಡೈವ್ ಬಗ್ಗೆ ಬರೆಯಲು ಹೊರಟರೆ ಅದೇ ಇನ್ನೊಂದು ಕಥೆ. ಒಂದೇ ಮಾತು ಹೇಳುತ್ತೇನೆ. ಎಲ್ಲರೂ ಟಾರ್ಚನ್ನು ಎದೆಗೆ ಒತ್ತಿಕೊಂಡು ಕತ್ತಲು ಮಾಡಿ ಕೈ ಬೀಸಿದರೆ, ಬೆರಳುಗಳ ಸುತ್ತ ನೀಲಿ ಕಿಡಿಗಳು ಏಳುತ್ತವೆ. ನೀರು ಕಲಕಿದಾಗ ಬೆಳಕು ಬಿಡುವ ಸಣ್ಣ ಜೀವಿಗಳು ಅವು. ಹಗಲಿನಲ್ಲಿ ಹವಳವನ್ನು ಕಟಕಟ ಕಚ್ಚಿ ಪುಡಿಮಾಡುವ ಗಿಳಿಮೀನುಗಳಲ್ಲಿ ಕೆಲವು ಆ ಹೊತ್ತಿಗೆ ತಮ್ಮ ಸುತ್ತ ಲೋಳೆಯ ಪೊರೆ ಕಟ್ಟಿಕೊಂಡು ಮಲಗಿರುತ್ತವೆ.

ಮೇಲೆ ಬರುವುದೂ ಉಸಿರಿನ ಕೆಲಸವೇ. ಆಳದಲ್ಲಿ ಉಸಿರಾಡಿದಾಗ ಗಾಳಿಯ ಸಾರಜನಕ ರಕ್ತದಲ್ಲಿ, ಮಾಂಸದಲ್ಲಿ ಕರಗಿ ಸೇರಿಕೊಳ್ಳುತ್ತದೆ. ನಿಧಾನವಾಗಿ ಮೇಲೆ ಬಂದರೆ ಅದು ಉಸಿರಿನೊಂದಿಗೇ ಹೊರಗೆ ಹೋಗುತ್ತದೆ. ಸರ್ರನೆ ಬಂದರೆ ಮೈಯೊಳಗೇ ಗುಳ್ಳೆಯಾಗಿ ಕೀಲು, ನರ, ಕೆಲವೊಮ್ಮೆ ಜೀವಕ್ಕೇ ಕುತ್ತು ತರುತ್ತದೆ. ಆದ್ದರಿಂದ ನಿಮಿಷಕ್ಕೆ 9 ಮೀಟರ್‌ಗಿಂತ ವೇಗವಾಗಿ ನಾವು ಏರುವುದಿಲ್ಲ. 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲುತ್ತೇವೆ. ಕೈಗೆ ಕಟ್ಟಿದ ಡೈವ್ ಕಂಪ್ಯೂಟರ್ ಲೆಕ್ಕ ಇಡುತ್ತದೆ. ಸಿಲಿಂಡರ್‌ನಲ್ಲಿ 50 ಬಾರ್ ಉಳಿದಿರುವಾಗಲೇ ಮೇಲೆ ಬಂದಿರಬೇಕು. ಹಲವು ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಬೇಕು. ಆ 3 ನಿಮಿಷ ಬೇಸರ ಎಂದು ಕೆಲವರು ಗೊಣಗುತ್ತಾರೆ. ನನಗೆ ಅದು ಡೈವ್‌ನ ಒಳ್ಳೆಯ ಭಾಗ. ಬಿಸಿಲು ಮೇಲಿನಿಂದ ಓರೆಯಾಗಿ ಬೀಳುತ್ತದೆ, ನಮ್ಮ ಗುಳ್ಳೆಗಳು ಏರುತ್ತಾ ಹಿಗ್ಗುತ್ತಾ ಹೋಗುತ್ತವೆ, ಮಾಡುವುದಕ್ಕೆ ಏನೂ ಇರುವುದಿಲ್ಲ.

ಒಂದು ವಿಷಯ ಮಾತ್ರ ಮನಸ್ಸು ಕೊರೆಯುತ್ತದೆ. ಹವಳ ಕಲ್ಲಲ್ಲ. ಅದು ಸಣ್ಣ ಸಣ್ಣ ಪ್ರಾಣಿಗಳು ಸೇರಿ ಕಟ್ಟಿದ ಊರು. ಅವುಗಳ ಮೈಯೊಳಗಿನ ಪಾಚಿ ಬಣ್ಣವನ್ನೂ ಹೆಚ್ಚಿನ ಆಹಾರವನ್ನೂ ಕೊಡುತ್ತದೆ. ನೀರು ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಶಾಖ ಬೇಗ ಇಳಿಯದಿದ್ದರೆ ಸಾಯುತ್ತದೆ. ಸಮುದ್ರತಳದ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಜಾಗದಲ್ಲಿರುವ ಹವಳದ ದಿಬ್ಬಗಳನ್ನು ಕಡಲಿನ ಸುಮಾರು ಕಾಲು ಭಾಗ ಜೀವಜಾತಿಗಳು ನಂಬಿಕೊಂಡಿವೆ. ಬಿಳಿಯಾದ ಒಂದು ಇಳಿಜಾರಿನ ಮೇಲೆ ಈಜಿದಾಗ ನನಗೆ ಸಂಕಟವಾಯಿತು. ಅಂಥ ಜಾಗವನ್ನು ಕೈಯಿಂದ, ಕಾಲಿಗೆ ಹಾಕುವ ಫಿನ್‌ನಿಂದ ಮುರಿಯುವುದು ದೊಡ್ಡ ಅನ್ಯಾಯ. ಸರಿಯಾಗಿ ತೇಲಲು ಬರುವವರೆಗೆ ಕ್ಯಾಮೆರಾ ಹಿಡಿದುಕೊಂಡು ಇಳಿಯಬಾರದು ಎಂದು ನಾನು ಪಟ್ಟು ಹಿಡಿದು ಹೇಳುತ್ತೇನೆ. ಕಣ್ಣು ಪರದೆಯ ಮೇಲಿದ್ದರೆ ಕಾಲು ಎಲ್ಲಿದೆ ಎಂದು ಗೊತ್ತಾಗುವುದಿಲ್ಲ.

ಕಲಿಯಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟು. ತರಬೇತಿದಾರರು ಹಿಡಿದುಕೊಂಡೇ ತಿರುಗಿಸುವ ಪರಿಚಯದ ಡೈವ್ ಒಂದು ಮಾಡಿ ನೋಡಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ನಿಮ್ಮ ತೇಲುವಿಕೆ ನಿಮ್ಮ ಕೈಗೆ ಬರುವುದು ಕೋರ್ಸ್‌ನಲ್ಲೇ. ಮೊದಲ ಹಂತದ ಓಪನ್ ವಾಟರ್ ಕೋರ್ಸ್ 10 ವರ್ಷ ತುಂಬಿದವರಿಗೆ ತೆರೆದಿದೆ, ದೊಡ್ಡವರಿಗೆ 18 ಮೀಟರ್‌ವರೆಗೆ ಇಳಿಯಲು ಅದು ಸಾಕು. ಬೆಳಕು, ಬಣ್ಣ, ಮೀನು ಜಾಸ್ತಿ ಇರುವುದೂ ಅಷ್ಟರೊಳಗೇ. ಆರೋಗ್ಯದ ಅರ್ಜಿ ಕೊಟ್ಟಾಗ ಆಸ್ತಮಾ, ಹೃದಯ, ಕಿವಿಯ ತೊಂದರೆ ಏನಿದ್ದರೂ ಮುಚ್ಚಿಡದೆ ಬರೆಯಿರಿ, ಡಾಕ್ಟರ್ ಒಪ್ಪಿದ ಮೇಲೆ ಇಳಿಯಿರಿ. ನೆಗಡಿ ಇದ್ದ ದಿನ ದೋಣಿಯಲ್ಲೇ ಇರಿ, ಕಿವಿ ತೆರೆಯುವುದಿಲ್ಲ. ಸಾಮಾನುಗಳಲ್ಲಿ ಮಾಸ್ಕ್ ಒಂದನ್ನು ಸ್ವಂತಕ್ಕೆ ಕೊಳ್ಳಿ. ಪಟ್ಟಿ ಹಾಕದೆ ಮುಖಕ್ಕೆ ಇಟ್ಟು ಮೂಗಿನಿಂದ ಸ್ವಲ್ಪ ಗಾಳಿ ಎಳೆದುಕೊಂಡರೆ ಅದು ತಾನಾಗಿಯೇ ಅಂಟಿಕೊಂಡು ನಿಲ್ಲಬೇಕು. ಹಾಗೆ ನಿಂತರೆ ಅದು ನಿಮ್ಮ ಮುಖದ್ದು. ಉಳಿದದ್ದೆಲ್ಲ ಬಾಡಿಗೆಗೆ ಸಿಗುತ್ತದೆ.